ಹೆಸರು ಬರೆದ ಮೊಟ್ಟೆಗಳು

ಕತ್ತರಿ ಮೊದಲ ಪುಟದ ಎಡ ಅಂಚಿನಿಂದ ಹೊರಟು, ಮಂತ್ರಿಯ ಚಿತ್ರದ ಕಿವಿಯ ಪಕ್ಕದಲ್ಲೇ ಹಾದು, ಕೆಳಕ್ಕೆ ತಿರುಗಿತು. ಕಿವಿಗೆ ಏನೂ ಆಗಲಿಲ್ಲ. ಲಿನೆಟ್‌ಳ ಕೈ ಕೆಲವೇ ದಿನಗಳಲ್ಲಿ ಚೆನ್ನಾಗಿ ಪಳಗಿಬಿಟ್ಟಿತ್ತು.

"ಈ ಕಡೆ ನೋಡ್ಬೇಡ ಗ್ರೇಮ್," ಎಂದಳು ತಲೆ ಎತ್ತದೆ. "ಇನ್ನೂ ಪೂರ್ತಿ ಕತ್ತರಿಸಿಲ್ಲ."

ಗ್ರೇಮ್ ಟೆಲ್ಫರ್ ವಿಧೇಯನಾಗಿ ಕಿಟಕಿಯ ಕಡೆ ತಿರುಗಿದ. ಹೊರಗೆ ಕ್ಯಾನ್‌ಬೆರಾ ಇರಲಿಲ್ಲ. ಸರೋವರದಿಂದ ಎದ್ದ ಜುಲೈ ತಿಂಗಳ ಮಂಜು ಸೇತುವೆಯನ್ನೂ ಎದುರು ದಡವನ್ನೂ ನುಂಗಿ ಕೂತಿತ್ತು. ಎಲ್ಲೋ ಒಂದು ಮ್ಯಾಗ್‌ಪೈ ಹಕ್ಕಿ ಕೂಗುತ್ತಿತ್ತು, ಅದೂ ಕಾಣುತ್ತಿರಲಿಲ್ಲ.

"ಹ್ಞಾಂ, ಈಗ ನೋಡು."

ಲಿನೆಟ್ ಪತ್ರಿಕೆಯನ್ನು ಕಚೇರಿಯ ಚಹಾ ಕೋಣೆಯ ಮೇಜಿನ ಮೇಲೆ ಹರಡಿದಳು. ಕತ್ತರಿಸಿದ ಕಿಂಡಿಯಲ್ಲಿ ಮೂರನೆಯ ಪುಟದ ಜಾಹೀರಾತಿನ ಒಬ್ಬ ಹೆಂಗಸಿನ ಬಾಯಿ ಮಾತ್ರ ಕಾಣುತ್ತಿತ್ತು. ಬಾಯಿ ನಗುತ್ತಿತ್ತು.

"ಓದದೆ ಎಲ್ಲಿ ಕತ್ತರಿಸ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ ನಿಂಗೆ?" ಎಂದು ಗ್ರೇಮ್ ಕೇಳಿದ. ತಮಾಷೆಗೆ ಕೇಳಿದ್ದು.

ಲಿನೆಟ್ ನಗಲಿಲ್ಲ. "ಇಂಥ ಪ್ರಶ್ನೆ ಎಲ್ಲ ಈ ವಾರ ಬೇಡ ಮಾರಾಯ," ಎಂದು ಕತ್ತರಿಸಿದ ಚೂರನ್ನು ಯಂತ್ರದ ಬಾಯಿಗೆ ಹಾಕಿದಳು. ಅದು ನುಣ್ಣಗೆ ಪುಡಿಯಾಯಿತು.

ವಿರಿಂಡಾ ಊರಿನ ಪಕ್ಕದ ವಾಯುನೆಲೆಯಲ್ಲಿ ಬೆಂಕಿ ಆರಿಸುವ ಕಸರತ್ತಿಗೆಂದು ವರ್ಷಗಟ್ಟಲೆ ಸುರಿದ ನೊರೆಯ ವಿಷ ನೆಲಕ್ಕೆ ಇಳಿದಿದೆ, ಇಳಿದು ಊರಿನ ಬೋರ್‌ ನೀರಿಗೆ ಸೇರಿದೆ, ಇಲಾಖೆಗೆ ಇದು ಗೊತ್ತಿದೆ, ಊರಿಗೆ ಹೇಳಿಲ್ಲ. ಇಷ್ಟನ್ನು ಹೇಳುವ ಒಂದು ರಹಸ್ಯ ವರದಿ ಸೋರಿಕೆಯಾಗಿ ಸೋಮವಾರ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಸರಕಾರ ಅದೇ ಮಧ್ಯಾಹ್ನ ಚುರುಕಾಯಿತು. ನೀರಿನ ವಿಷಯದಲ್ಲಲ್ಲ. ವರದಿ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಅದರ ರಹಸ್ಯ ಕಳೆಯುವುದಿಲ್ಲ, ಓದುವ ಅನುಮತಿ ಇಲ್ಲದ ನೌಕರರು ಅದನ್ನು ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಓದಿದರೆ ಅಪರಾಧ ಎಂದು ಸುತ್ತೋಲೆ ಬಂತು. ಇನ್ನೊಂದರಲ್ಲಿ, ತನಿಖೆ ಮುಗಿಯುವವರೆಗೆ ಈ ಮಹಡಿಯ ಎಲ್ಲರ ಅನುಮತಿಯನ್ನೂ ತಡೆಹಿಡಿಯಲಾಗಿದೆ ಎಂದಿತ್ತು.

ವರದಿಯನ್ನು ಬರೆದವನು ಗ್ರೇಮ್. ತಾನೇ ಬರೆದದ್ದನ್ನು ಅವನೀಗ ಓದುವ ಹಾಗಿರಲಿಲ್ಲ. ಇಡೀ ದೇಶ ಅದನ್ನು ಓದಿ ಟೋಸ್ಟಿನ ತಟ್ಟೆಯ ಕೆಳಗೆ ಹಾಸಿಕೊಂಡಿತ್ತು. ವಿಚಿತ್ರವೆಂದರೆ, ನೆನಪಿನಿಂದಲೂ ಅದು ಅಳಿಸಿಹೋಗುತ್ತಿತ್ತು. ಕೊನೆಯ ಪ್ಯಾರಾದಲ್ಲಿ ಏನು ಬರೆದೆ ಎಂದು ರಾತ್ರಿಯೆಲ್ಲ ತಲೆ ಕೆರೆದುಕೊಂಡಿದ್ದ. ಈಗ ಆ ಜಾಗದಲ್ಲಿ ಜಾಹೀರಾತಿನ ಆ ಬಾಯೊಂದೇ ನಗುತ್ತಿತ್ತು.

ಬಾಗಿಲ ಹೊರಗೆ, ಗೋಡೆಗೆ ಬಡಿದ ಮರದ ಗೂಡುಗಳಲ್ಲಿ, ಎಲ್ಲರ ಫೋನುಗಳೂ ಮಲಗಿದ್ದವು. ಒಳಗೆ ತರುವ ಹಾಗಿರಲಿಲ್ಲ. ಬೆಳಗಿನಿಂದ ಅವುಗಳಲ್ಲಿ ಒಂದು ಮಾತ್ರ ಗೂಡೊಳಗೆ ಗುಂಯ್‌ಗುಟ್ಟುತ್ತ ತೆವಳುತ್ತಿತ್ತು. ಯಾರದ್ದೆಂದು ಗ್ರೇಮ್‌ಗೆ ಗೊತ್ತಿತ್ತು. ಕರೆಯುತ್ತಿರುವವರು ಯಾರೆಂದೂ ಗೊತ್ತಿತ್ತು.

ನೊರೀನ್. ಅವನ ಅಕ್ಕ. ವಿರಿಂಡಾದಲ್ಲೇ ಮನೆ, ಹಿತ್ತಲಲ್ಲಿ ಕೋಳಿ, ಬೋರ್ ನೀರು. ಎರಡು ವರ್ಷದಿಂದ ಮೂತ್ರಪಿಂಡದ ಕಾಯಿಲೆ.

*

ತನಿಖಾಧಿಕಾರಿ ಜಾಸಿಂತಾ ಬೈರ್ನ್ ಅವನು ಊಹಿಸಿದ್ದಂತೆ ಇರಲಿಲ್ಲ. ಕೈಯಲ್ಲಿ ಹೆಣೆದ ನೀಲಿ ಸ್ವೆಟರ್ ಹಾಕಿಕೊಂಡ, ಮೊಮ್ಮಕ್ಕಳಿರಬಹುದಾದ ಹೆಂಗಸು. ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆ ಸರಿಸಿದಳು. ಬಾಗಿಲು ಮುಚ್ಚಿದೊಡನೆ ಗೋಡೆಗಳೊಳಗಿಂದ ಉಸ್ಸೆಂದು ಒಂದು ಸದ್ದು ಶುರುವಾಯಿತು. ಒಳಗಿನ ಮಾತು ಹೊರಗೆ ಕೇಳಿಸದಿರಲೆಂದು ಅದನ್ನು ಅಳವಡಿಸಿದ್ದರು. ಯಾರೋ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಸುಮ್ಮನಿರು ಎನ್ನುತ್ತ ಉಸಿರೇ ತೆಗೆದುಕೊಳ್ಳದಿದ್ದಂತೆ ಇತ್ತು.

ಗ್ರೇಮ್ ಸಿದ್ಧನಾಗಿ ಬಂದಿದ್ದ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಅನುಮಾನಕ್ಕೆ ಗುರಿಯಾದವನ ಮುಖವನ್ನು ಅಭ್ಯಾಸ ಮಾಡಿದ್ದ. ಮುಖ ಚೆನ್ನಾಗಿಯೇ ಒಪ್ಪಿತ್ತು. ವರದಿಯನ್ನು ಹೊರಗೆ ಹಾಕಿದವನು ಅವನಲ್ಲ. ಆದರೆ ತನ್ನ ಮೇಲೆ ಅನುಮಾನ ಬರಲಿ ಎಂದು ಅವನಿಗೆ ಒಳಗೊಳಗೇ ಆಸೆಯಿತ್ತು. ಅಕ್ಕನಿಗಾಗಿ ಅಷ್ಟಾದರೂ ಮಾಡಿರಬಹುದಾದವನು ಎಂದು ಯಾರಾದರೂ, ಪೊಲೀಸರಾದರೂ, ತನ್ನ ಬಗ್ಗೆ ಅಂದುಕೊಳ್ಳಲಿ ಎಂಬ ಆಸೆ.

"ಮಿಸ್ಟರ್ ಟೆಲ್ಫರ್, ಮೊದಲೇ ಹೇಳಿಬಿಡ್ತೀನಿ," ಎಂದಳು ಬೈರ್ನ್. "ನೀವು ಮಾಡಿಲ್ಲ ಅಂತ ನಮಗೆ ಖಾತ್ರಿಯಾಗಿದೆ. ಈ ಮಹಡಿಯಲ್ಲಿ ಖಾತ್ರಿಯಾಗಿರೋದು ನಿಮ್ಮೊಬ್ಬರ ವಿಷಯದಲ್ಲೇ."

ಅಭ್ಯಾಸ ಮಾಡಿದ ಮುಖ ಏನು ಮಾಡಬೇಕೆಂದು ತಿಳಿಯದೆ ಹಾಗೇ ಉಳಿಯಿತು.

"ಹೇಗೆ?"

"ಹೇಳೋಕೆ ಎಲ್ಲರಿಗಿಂತ ಜಾಸ್ತಿ ಕಾರಣ ಇದ್ದದ್ದು ನಿಮಗೇ. ನಿಮ್ಮಕ್ಕ ಅಲ್ಲೇ ಇದಾರೆ. ಪ್ರತಿ ಭಾನುವಾರ ಅವರಿಗೆ ಫೋನ್ ಮಾಡ್ತೀರಿ. ನೀವು ವರದಿ ಬರೆದಾಗಿಂದ ಎಲ್ಲಾ ಕೇಳಿಸ್ಕೊಂಡಿದೀವಿ. ಕ್ಷಮಿಸಿ, ಕೇಳಿಸ್ಕೋಬೇಕಾಯ್ತು." ನಿಜಕ್ಕೂ ಕ್ಷಮೆ ಕೇಳುವವಳಂತೆ ಕಂಡಳು. "ಒಂದ್ಸಲ ಅವರು, ನೀರು ಯಾಕೋ ಒಂಥರಾ ವಾಸನೆ ಕಣೋ, ಅಂತಾರೆ. ನೀವೇನಂದ್ರಿ, ನೆನಪಿದೆಯಾ?"

"ಇಲ್ಲ."

"ಮಳೆ ಬಂದ್ರೆ ಸರಿಹೋಗುತ್ತೆ, ಅಂದ್ರಿ. ಆಮೇಲೆ ಕ್ರಿಕೆಟ್ ಮಾತಾಡಿದ್ರಿ." ಬೈರ್ನ್ ತಲೆದೂಗಿದಳು. ಅದು ಮೆಚ್ಚುಗೆ ಎಂದು ಅರ್ಥವಾಗಲು ಗ್ರೇಮ್‌ಗೆ ಸ್ವಲ್ಪ ಹೊತ್ತು ಹಿಡಿಯಿತು. "ಧ್ವನಿ ಒಂಚೂರೂ ನಡುಗಲಿಲ್ಲ."

ಆಮೇಲೆ ಅವಳು ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು.

ಗ್ರೇಮ್ ಬಗ್ಗಿ ನೋಡಿದ. ಅವನ ಮನೆ ಮುಂದಿನ ಕಸದ ಡಬ್ಬ. ತಿಂಗಳು ತಿಂಗಳೂ ಡಬ್ಬದಿಂದ ತೆಗೆದು ಸಾಲಾಗಿ ಜೋಡಿಸಿದ ಮೊಟ್ಟೆಗಳ ರಟ್ಟಿನ ಪೆಟ್ಟಿಗೆಗಳು. ಒಂದರ ಮುಚ್ಚಳ ತೆಗೆದಿತ್ತು. ಒಂದೂ ಒಡೆಯದ ಮೊಟ್ಟೆಗಳು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಹೆಸರು. ನೊರೀನ್ ತನ್ನ ಕೋಳಿಗಳಿಗೆಲ್ಲ ಸತ್ತುಹೋದ ಅತ್ತೆಯಂದಿರ, ಚಿಕ್ಕಮ್ಮಂದಿರ ಹೆಸರಿಟ್ಟಿದ್ದಳು. ಇಟ್ಟ ಮೊಟ್ಟೆಯ ಮೇಲೆ ಇಟ್ಟವಳ ಹೆಸರು ಬರೆಯುವುದು ಅವಳ ಅಭ್ಯಾಸ. ಐಲೀನ್, ಬೆರಿಲ್, ದಪ್ಪ ಮೇವಿಸ್. ತಿಂಗಳಿಗೊಮ್ಮೆ ಆಸ್ಪತ್ರೆಗೆಂದು ಕ್ಯಾನ್‌ಬೆರಾಕ್ಕೆ ಬಂದಾಗ ತಮ್ಮನಿಗೆ ಒಂದು ಪೆಟ್ಟಿಗೆ ಕೊಟ್ಟುಹೋಗುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಿದ್ದ. ಆಮೇಲೆ ಪೆಟ್ಟಿಗೆಯನ್ನು ಕಸದ ಡಬ್ಬಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ. ಮುಂದಿನ ಭಾನುವಾರ ಅಕ್ಕ, "ಬೆರಿಲ್ ಅತ್ತೆ ಹೆಂಗಿದ್ಲೋ?" ಎಂದರೆ, "ಹಳದಿ ಚಿನ್ನದ ಹಾಗಿತ್ತು," ಎನ್ನುತ್ತಿದ್ದ.

"ಕಸದಲ್ಲಿ ಕೈಯಾಡಿಸಿದೀವಿ. ನಮ್ಮ ಕೆಲಸಾನೇ ಅಂಥದ್ದು," ಎಂದಳು ಬೈರ್ನ್. "ಆದ್ರೆ ಇದನ್ನ ನೋಡಿದ ಮೇಲೆ ನಿಮ್ಮ ಬಗ್ಗೆ ಅನುಮಾನ ಪೂರ್ತಿ ಹೋಯ್ತು. ಮೊಟ್ಟೆ ತಿನ್ನಬಾರದು ಅನ್ನೋಷ್ಟು ಗೊತ್ತಿದ್ದೂ, ಒಡಹುಟ್ಟಿದವಳಿಗೆ ಒಂದು ಮಾತು ಹೇಳಲಿಲ್ಲ ನೀವು. ಇಂಥವರು ಸಿಗೋದಿಲ್ಲ, ಮಿಸ್ಟರ್ ಟೆಲ್ಫರ್."

ಗೋಡೆಗಳು ಉಸ್ಸೆನ್ನುತ್ತಲೇ ಇದ್ದವು. ಅವನು ಒಂದು ಬಿಸ್ಕತ್ತನ್ನು ತೆಗೆದುಕೊಂಡು ಮತ್ತೆ ತಟ್ಟೆಗೇ ಇಟ್ಟ.

"ತನಿಖೆಯ ಸಮಿತಿಗೆ ನಿಮ್ಮನ್ನೂ ಸೇರಿಸ್ಕೋತಿದೀವಿ. ಅನುಮತಿ ನಾಳೆಯಿಂದಲೇ ವಾಪಸ್ ಬರುತ್ತೆ. ನಿಮ್ಮ ವರದೀನ ನೀವು ಓದಬಹುದು."

ಗ್ರೇಮ್‌ಗೆ ಸಂತೋಷವಾಯಿತು. ನಾಚಿಕೆಗೇಡಿನ, ಅಂಗೈ ಬೆಚ್ಚಗಾಗುವಂಥ ಸಂತೋಷ. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಬೈರ್ನ್ ಫೋಟೋಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ ಎತ್ತಿಟ್ಟಳು. "ಒಂದೇ ಒಂದು ಚಿಕ್ಕ ಮಾತು. ಎಸೆದದ್ದು ತಪ್ಪಾಯ್ತು. ಪಕ್ಕದ ಮನೆಯವರು ನೋಡಿದ್ರೆ? ಅಕ್ಕ ಕಳಿಸಿದ ಮೊಟ್ಟೆ ಯಾಕೆ ತಿನ್ನಲ್ಲ ಇವನು ಅಂತ ಯೋಚನೆ ಮಾಡಿದ್ರೆ? ತಿನ್ನದೇ ಇರೋದೂ ಒಂಥರಾ ಹೇಳಿದ ಹಾಗೇ ಅಲ್ವಾ?"

"ಹಾಗಾದ್ರೆ..."

"ನಾನೇನೂ ಹೇಳ್ತಿಲ್ಲ," ಎಂದು ಮುಗುಳ್ನಕ್ಕು ಬಾಗಿಲು ತೆರೆದಳು. ಗೋಡೆಗಳ ಸದ್ದು ತಟ್ಟನೆ ನಿಂತಿತು. ಗ್ರೇಮ್‌ನ ಕಿವಿಯಲ್ಲಿ ನಿಲ್ಲಲಿಲ್ಲ.

*

"ಗ್ರೇಮ್, ನಿಮ್ಮಕ್ಕ ಬಂದಿದಾರೆ," ಎಂದ ಕೆಳಗಿನ ಕಾವಲಿನ ಟೊಮಾಸಿ, ಒಳಗಿನ ಫೋನಿನಲ್ಲಿ. "ಮೇಲೆ ಬಿಡೋ ಹಾಗಿಲ್ಲ. ಕೂತಿದಾರೆ. ಬೆಳಿಗ್ಗೆಯಿಂದ ಫೋನ್ ಮಾಡಿ ಸಾಕಾಗಿ ಬಂದ್ರಂತೆ."

ನೊರೀನ್ ಕೆಳಗಿನ ಹಜಾರದಲ್ಲಿ, ಅಮೃತಶಿಲೆಯ ನೆಲದ ನಡುವಿನ ಉದ್ದನೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕೆಸರು ಮೆತ್ತಿದ ಬೂಟು, ಗಂಡ ಸತ್ತ ಮೇಲೆ ಅವನದ್ದನ್ನೇ ತೊಟ್ಟುಕೊಂಡ ದೊಡ್ಡ ಕೋಟು. ಮುಖ ಊದಿಕೊಂಡಿತ್ತು. ತೊಡೆಯ ಮೇಲೆ ಮೊಟ್ಟೆಯ ರಟ್ಟಿನ ಪೆಟ್ಟಿಗೆ.

"ಏನೋ ಪ್ರೊಫೆಸರ," ಎಂದಳು. ವಿಶ್ವವಿದ್ಯಾಲಯಕ್ಕೆ ಹೋದಂದಿನಿಂದ ಅವಳು ಅವನನ್ನು ಕರೆಯುತ್ತಿದ್ದದ್ದು ಹಾಗೇ. "ದೊಡ್ಡ ಮನುಷ್ಯ ಆಗಿಬಿಟ್ಟೆ. ಫೋನೂ ಎತ್ತಲ್ಲ."

"ಒಳಗೆ ಫೋನ್ ತರಂಗಿಲ್ಲ ನೊರೀನ್. ನಿಂಗೊತ್ತಲ್ಲ."

"ನಂಗೇನ್ ಗೊತ್ತು ಕಣೋ? ನಂಗೇನೂ ಗೊತ್ತಿಲ್ಲ. ಅದ್ಕೇ ಬಂದಿದ್ದು." ಕೋಟಿನ ಜೇಬಿನಿಂದ ಒಂದು ಪತ್ರಿಕೆಯ ಚೂರನ್ನು ತೆಗೆದಳು. ಮೇಲಿನ ಚಹಾ ಕೋಣೆಯ ಕಿಂಡಿಗೆ ಸರಿಯಾಗಿ ಕೂರುವಂಥ ಚೂರು. "ಊರವರೆಲ್ಲ ಬಾಟ್ಲಿ ನೀರಿಗೆ ಅಂಗಡಿ ಮುಂದೆ ಸಾಲು ನಿಂತಿದಾರೆ. ನಾನ್ ನಿಂತಿಲ್ಲ. ನನ್ ತಮ್ಮ ಆ ಇಲಾಖೇಲೇ ಇದಾನಲ್ಲ, ಹಂಗೇನಾದ್ರೂ ಇದ್ದಿದ್ರೆ ಹೇಳಿರೋನು, ಅಂದೆ. ಇಲ್ ಕೇಳು, ಏನ್ ಬರ್ದಿದಾರೆ..."

"ಓದ್ಬೇಡ!"

ಟೊಮಾಸಿ ತಲೆಯೆತ್ತಿ ನೋಡಿದ.

"ಓದ್ಬೇಡ ನೊರೀನ್," ಎಂದ ಗ್ರೇಮ್ ತಗ್ಗಿದ ಸ್ವರದಲ್ಲಿ. "ನಾನು ಅದನ್ನ ಕೇಳಿಸ್ಕೊಳ್ಳೋ ಹಾಗಿಲ್ಲ. ನಾಳೆವರೆಗೆ."

ಅವಳು ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನೋಡುತ್ತಿದ್ದ ನೋಟ ಅದಲ್ಲ. ಅಪರಿಚಿತ ನಾಯಿ ಕಚ್ಚುತ್ತದೋ ಇಲ್ಲವೋ ಎಂದು ನೋಡುವ ನೋಟ.

"ಹೌದು ಅನ್ನು. ಇಲ್ಲಾಂದ್ರೆ ಇಲ್ಲ ಅನ್ನು. ಒಂದೇ ಮಾತು."

"ಹೌದು ಅನ್ನೋ ಹಾಗೂ ಇಲ್ಲ. ಇಲ್ಲ ಅನ್ನೋ ಹಾಗೂ ಇಲ್ಲ."

"ಸರಿ. ಮಾತಾಡ್ಬೇಡ." ಚೂರನ್ನು ಮಡಿಸಿ ಜೇಬಿಗಿಟ್ಟು, ಪೆಟ್ಟಿಗೆಯ ಮುಚ್ಚಳ ತೆಗೆದಳು. "ಇವತ್ತೇ ಬೇಯಿಸಿದ್ದು. ಮಾತಾಡೋಕೆ ತಾನೇ ಕಾನೂನು ಅಡ್ಡ? ತಿನ್ನೋಕಲ್ವಲ್ಲ?"

ಒಂದು ಮೊಟ್ಟೆಯನ್ನು ತೆಗೆದು ಬೆಂಚಿನ ಅಂಚಿಗೆ ತಟ್ಟಿದಳು. ಆ ಸದ್ದು ಎತ್ತರದ ಚಾವಣಿಯವರೆಗೂ ಹೋಗಿ ಹಿಂದಕ್ಕೆ ಬಂತು. ಅವಳ ಬೆರಳುಗಳೂ ಊದಿಕೊಂಡಿದ್ದವು, ನಿಧಾನವಾಗಿ ಸುಲಿದಳು. ಐಲೀನ್ ಎಂಬ ಹೆಸರು ತುಂಡುತುಂಡಾಗಿ ಅಮೃತಶಿಲೆಯ ಮೇಲೆ ಬಿತ್ತು. ಇನ್ನೊಂದು ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು ಚಿಮುಕಿಸಿದಳು. ಮೊದಲಿನಿಂದಲೂ ಅವನಿಗೆ ಉಪ್ಪು ಸ್ವಲ್ಪ ಮುಂದಿರಬೇಕು. ಅವಳು ಮರೆತಿರಲಿಲ್ಲ.

"ತಗೋ."

ಗ್ರೇಮ್ ಮೇಲೆ ನೋಡಿದ. ಮೊದಲ ಮಹಡಿಯ ಗಾಜಿನ ಹಿಂದೆ ಯಾರೋ ನಿಂತಿದ್ದರು. ನೀಲಿ ಬಣ್ಣವಷ್ಟೇ ಕಂಡಿತು. ಸ್ವೆಟರೋ, ಪರದೆಯೋ.

ಬೇಡ ಎಂದರೆ ಸಾಕಿತ್ತು. ಒಂದು ಸಲ ತಲೆ ಅಲ್ಲಾಡಿಸಿದ್ದರೂ ಸಾಕಿತ್ತು. ಅವಳು ಎದ್ದು ಹೋಗಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಅವನು ಮೊಟ್ಟೆಯನ್ನು ತೆಗೆದುಕೊಂಡು ಕಚ್ಚಿದ. ಅಗಿದ. ನುಂಗಿದ. ಮೊಟ್ಟೆ ರುಚಿಯಾಗಿತ್ತು. ಅದು ಅವನಿಗೆ ಹೆದರಿಕೆ ಹುಟ್ಟಿಸಿತು.

"ಹೆಂಗಿದೆ?" ಎಂದಳು ನೊರೀನ್.

"ಚೆನ್ನಾಗಿದೆ."

ಆಗ ಅವಳ ಮುಖ ನೋಡಿ ಅವನಿಗೆ ತಿಳಿಯಿತು. ಅವಳಿಗೆ ಎಲ್ಲ ಗೊತ್ತಿತ್ತು. ಪತ್ರಿಕೆಯ ಪ್ರತಿಯೊಂದು ಅಕ್ಷರವನ್ನೂ ಅವಳು ನಂಬಿದ್ದಳು. ತಮ್ಮ ಬೇಡ ಎನ್ನಲಿ, ಆ ಒಂದು ಮಾತನ್ನು ಅವನ ಬಾಯಿಂದ ಕೇಳಬೇಕು ಎಂದೇ ಮಂಜಿನಲ್ಲಿ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದಳು.

ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು, ಹೆಸರು ಅವನಿಗೆ ಕಾಣುವಂತೆ ತಿರುಗಿಸಿ ಹಿಡಿದಳು.

"ಬೆರಿಲ್ ಅತ್ತೆ," ಎಂದಳು. "ನಿನ್ನನ್ನ ಎತ್ತಿ ಆಡಿಸ್ದೋಳು." ಬೆಂಚಿಗೆ ತಟ್ಟಿದಳು.

ಟೊಮಾಸಿ ತನ್ನ ಕಂಪ್ಯೂಟರ್ ಪರದೆಯೊಳಗೆ ಮುಖ ಹುದುಗಿಸಿದ್ದ. ಪೆಟ್ಟಿಗೆಯಲ್ಲಿ ಮಿಕ್ಕ ಹೆಸರುಗಳು ತಮ್ಮ ತಮ್ಮ ಗುಳಿಗಳಲ್ಲಿ ಬೆಳ್ಳಗೆ, ಸಾಲಾಗಿ, ಕಾಯುತ್ತಿದ್ದವು. ಸಿಪ್ಪೆ ಉದುರುತ್ತಿತ್ತು. ಸಾಕು ಎನ್ನಬೇಕೆಂದು, ನೊರೀನ್ ಎನ್ನಬೇಕೆಂದು, ಗ್ರೇಮ್ ಬಾಯಿ ತೆರೆದ. ಒಳಗಿಂದ ಉಸ್ಸೆಂಬ ಆ ಸದ್ದೊಂದೇ ಬಂತು. ತೆರೆದ ಬಾಯಿಯ ಬಳಿಗೆ ಅಕ್ಕ ಸುಲಿದ ಮೊಟ್ಟೆಯನ್ನು ತಂದಳು.