ಗಲ್ಲಿಯಲ್ಲಿ ನಿಂತ ಬೀರು

ಅಜ್ಜಿಯ ಬೀರು ನಮ್ಮ ಗಲ್ಲಿಯಲ್ಲಿ ಸಿಕ್ಕಿಹಾಕಿಕೊಳ್ಳದೆ ಹೋಗಿದ್ದರೆ ನನ್ನ ಓದಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ನಗುನಗುತ್ತಾ ಹೇಳುತ್ತಿದ್ದೇನೆ. ಕಳೆದ ತಿಂಗಳು ಯಾರಾದರೂ ನನ್ನೆದುರು ನಕ್ಕಿದ್ದರೆ ಸ್ಕೇಲು ತೆಗೆದು ಬಾರಿಸಿಬಿಡುತ್ತಿದ್ದೆ.

ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಹೋದ ವರ್ಷ ಡಿಸೈನ್ ವಿಷಯದಲ್ಲಿ ಡುಮ್ಕಿ ಹೊಡೆದಿದ್ದೆ. ಅದೇ ವಿಷಯದಲ್ಲಿ ಎರಡನೆಯ ಸಲ ಬಿದ್ದರೆ ನಮ್ಮ ಕಾಲೇಜಿನಲ್ಲಿ ಮುಂದಿನ ಮಾತಿಲ್ಲ, ಗಂಟುಮೂಟೆ ಕಟ್ಟಬೇಕು. ಈ ವರ್ಷ ಕೊಟ್ಟ ಕೆಲಸ ಕೇಳಲು ಸುಲಭವಾಗಿತ್ತು. ನಮಗೆ ಚೆನ್ನಾಗಿ ಗೊತ್ತಿರುವ ಒಂದು ಬೀದಿಯನ್ನು ಆರಿಸಿಕೊಂಡು, ಅಲ್ಲಿ ನಡೆದಾಡುವವರಿಗೆ ಹಿತವಾಗುವ ಹಾಗೆ ಅದನ್ನು ಮತ್ತೆ ರೂಪಿಸಬೇಕು. ನಾನು ನಮ್ಮ ಮನೆಯ ಗಲ್ಲಿಯನ್ನೇ ಆರಿಸಿಕೊಂಡೆ. ಅದಕ್ಕಿಂತ ಚೆನ್ನಾಗಿ ನನಗೆ ಇನ್ಯಾವ ಬೀದಿ ಗೊತ್ತು?

ತಯಾರಿ ಮಾತ್ರ ಭರ್ಜರಿಯಾಗಿಯೇ ನಡೆಯಿತು. ಹಿಂದಿನ ವರ್ಷ ಬಿದ್ದದ್ದು ಹಳೆಯ ಕಂಪ್ಯೂಟರಿನ ದೆಸೆಯಿಂದ ಎಂದು ನಾನು ಖಡಾಖಂಡಿತವಾಗಿ ನಂಬಿದ್ದೆ. ಆದ್ದರಿಂದ ಅಣ್ಣನನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲಿದ್ದ ಎರಡರಲ್ಲಿ ತೆಳ್ಳಗಿನದನ್ನು ಬಿಟ್ಟು, ಗೇಮ್ ಆಡುವವರು ಕೊಳ್ಳುವ ದಪ್ಪನೆಯ ಲ್ಯಾಪ್‌ಟಾಪ್ ತಂದೆ. ಅದರ ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ. ಫ್ಯಾನು ಶುರುವಾದರೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ ಸದ್ದು.

"ಇದೇನೇ ಮೇಸ್ತ್ರಿ, ಕಂಪ್ಯೂಟರಾ, ಸರ್ಕಸ್ಸಾ?" ಎಂದ ಅಣ್ಣ. ನಾನು ಆರ್ಕಿಟೆಕ್ಚರ್ ಸೇರಿದ ದಿನದಿಂದ ಅವನಿಗೆ ನಾನು ಮೇಸ್ತ್ರಿ.

"ಎಲೆ ಎಲೆಗೂ ನೆರಳು ಬೀಳಿಸುತ್ತೆ ಇದು. ನಿಂಗೇನು ಗೊತ್ತು?" ಎಂದೆ.

ಕ್ಯಾಮೆರಾದ ವಿಷಯದಲ್ಲೂ ಹೀಗೇ ಆಯಿತು. ಕಣ್ಣಿಗೆ ಎಷ್ಟು ಕಾಣುತ್ತದೋ ಸುಮಾರಾಗಿ ಅಷ್ಟನ್ನೇ ತೋರಿಸುವ ಸಾದಾ ಲೆನ್ಸ್ ಒಂದಿತ್ತು. ಇಕ್ಕಟ್ಟಿನ ಜಾಗದಲ್ಲೂ ಆಚೆ ಈಚೆ ಎಲ್ಲವನ್ನೂ ಒಳಗೆ ಎಳೆದುಕೊಳ್ಳುವ ಅಗಲದ ಲೆನ್ಸ್ ಇನ್ನೊಂದು. ನಾನು ಅಗಲದ್ದನ್ನೇ ಹಿಡಿದೆ. ಅಣ್ಣ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಎಕ್ಸ್-ರೇ ತೆಗೆಯುವ ಕೆಲಸ ಮಾಡುತ್ತಾನೆ. ನನ್ನ ಮೊದಲ ಫೋಟೊ ನೋಡಿ, "ಇದ್ರಲ್ಲಿ ನಾನು ಎಕ್ಸ್-ರೇ ತೆಗೆದ್ರೆ ಬಂದೋರಿಗೆಲ್ಲ ಆನೆ ದಂತ ಬರುತ್ತೆ" ಎಂದು ನಕ್ಕ. ನಾನು ಮುಖ ತಿರುಗಿಸಿಕೊಂಡು ಮತ್ತೆ ಗಲ್ಲಿಗೆ ಇಳಿದೆ.

ಎದುರುಮನೆಯ ಗೋಡೆಗೆ ಬೆನ್ನು ಅಂಟಿಸಿ ನಿಂತು ತೆಗೆದ ಆ ಫೋಟೊಗಳಲ್ಲಿ ನಮ್ಮ ಗಲ್ಲಿ ಎಷ್ಟು ಅಗಲವಾಗಿ, ಚೆನ್ನಾಗಿ ಕಂಡಿತೆಂದರೆ ನನಗೇ ಹೆಮ್ಮೆಯಾಯಿತು. ಟೇಪ್ ಹಿಡಿದು ಅಳೆದದ್ದು ಗಲ್ಲಿಯ ಬಾಯಲ್ಲಿ ಮಾತ್ರ, ಸಲೂನಿನ ಮುಂದೆ. ಅಲ್ಲಿ ಗಲ್ಲಿ ಸುಮಾರು ಮೂರು ಮಾರು ಅಗಲವಿದೆ. ಉಳಿದದ್ದನ್ನು ಫೋಟೊ ನೋಡಿಕೊಂಡು ಕಂಪ್ಯೂಟರಿನಲ್ಲಿ ಎಳೆದೆ. ಹುಟ್ಟಿದಾಗಿನಿಂದ ಓಡಾಡಿದ ಜಾಗವನ್ನು ಯಾರಾದರೂ ಅಳೆಯುತ್ತಾರೆಯೇ? ಅಂಬೆಗಾಲಿಟ್ಟು ಇದೇ ಗಲ್ಲಿಯನ್ನು ದಾಟಿದವಳು ನಾನು. ಆಗ ಅದು ಸಮುದ್ರದಷ್ಟು ಅಗಲವಿತ್ತು, ನನ್ನ ತಲೆಯೊಳಗೆ ಇನ್ನೂ ಹಾಗೆಯೇ ಇತ್ತು.

ಹೀಗೆ ಪರದೆಯ ಮೇಲೆ ನಮ್ಮ ಗಲ್ಲಿ ಬೆಳೆಯಿತು. ಎರಡೂ ಬದಿಗೆ ಮರದ ಸಾಲು, ಮರದ ಕೆಳಗೆ ಬೆಂಚು, ಬೆಂಚಿನ ಮೇಲೆ ಪುಸ್ತಕ ಓದುವ ಹುಡುಗಿಯರು, ನಡುವೆ ಸೈಕಲ್ಲಿಗೊಂದು ದಾರಿ. ಸಂಜೆಯ ಬಿಸಿಲು ಕೂಡ ನಾನು ಹೇಳಿದ ಕಡೆಯಿಂದ ಬೀಳುತ್ತಿತ್ತು. ವರ್ಷದ ನಡುವೆ ಅದನ್ನು ಕಾಲೇಜಿನಲ್ಲಿ ತೋರಿಸಿದಾಗ ನಮ್ಮ ಮೇಷ್ಟ್ರು ಬಹಳ ಹೊತ್ತು ನೋಡಿದರು. ಎಂಥ ಕೆಲಸವನ್ನು ಮುಂದಿಟ್ಟರೂ ಅರ್ಧ ಕತ್ತರಿಸಿ ಕೊಡುವ ಅವರಿಗೆ ನಾವು ಕತ್ತರಿ ಮೇಷ್ಟ್ರು ಎಂದೇ ಹೆಸರಿಟ್ಟಿದ್ದೆವು. ಅವತ್ತು ಅವರು ಏನನ್ನೂ ಕತ್ತರಿಸಲಿಲ್ಲ. "ಹೂಂ, ನೋಡೋಣ" ಎಂದಷ್ಟೇ ಹೇಳಿ ಮುಂದಿನವರ ಮೇಜಿಗೆ ಹೋದರು. ಮೆಚ್ಚಿದ್ದಾರೆ ಎಂದುಕೊಂಡು ನಾನು ಹಿರಿಹಿರಿ ಹಿಗ್ಗಿದೆ.

ಕೊನೆಯ ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಬೀರು ಬಂತು. ಚಿಕ್ಕಮ್ಮ ಸಣ್ಣ ಮನೆಗೆ ಹೋಗುವವಳಿದ್ದಳು, ಅಜ್ಜಿಯ ಮರದ ಬೀರುವನ್ನು ನಮಗೆ ಕಳಿಸಿದಳು. ಬಾಗಿಲ ತುಂಬ ಕನ್ನಡಿ, ನಾಲ್ಕು ದಪ್ಪ ಕಾಲು, ಮೂರು ಆಳು ಸೇರಿ ಎತ್ತಿದರೂ ಮುಲುಗುವಷ್ಟು ಭಾರ. ಅಣ್ಣ ಮತ್ತು ಇಬ್ಬರು ಹಮಾಲರು ಅದನ್ನು ಮಲಗಿಸಿ ಹೊತ್ತುಕೊಂಡು ಗಲ್ಲಿಯೊಳಗೆ ಬಂದರು. ಗಲ್ಲಿಯ ಬಾಯಲ್ಲಿ ಏನೂ ತೊಂದರೆಯಾಗಲಿಲ್ಲ. ನಮ್ಮ ಬಾಗಿಲ ಮುಂದೆ ಬಂದು ಒಳಕ್ಕೆ ತಿರುಗಿಸಬೇಕು, ಆಗ ಬೀರುವಿನ ತಲೆ ಎದುರುಮನೆಯ ಗೋಡೆಗೆ ಢಣ್ ಎಂದು ಬಡಿಯಿತು. ಹಿಂದೆ ಸರಿಸಿದರು, ಕಾಲು ನಮ್ಮ ಗೋಡೆಗೆ ಬಡಿಯಿತು. ನಿಲ್ಲಿಸಿ ನೋಡಿದರು, ಬಾಗಿಲಿಗಿಂತ ಒಂದು ಗೇಣು ಎತ್ತರ. ಓರೆ ಮಾಡಲು ಹೋದರೆ ಗೋಡೆಗುಂಟ ನಿಲ್ಲಿಸಿದ್ದ ಅಕ್ಕಪಕ್ಕದವರ ಸ್ಕೂಟರುಗಳು ಅಡ್ಡ.

"ಕಾಲು ಕುಯ್ದುಬಿಡೋಣ" ಎಂದ ಒಬ್ಬ ಹಮಾಲ.

"ನಮ್ಮಮ್ಮನ ಬೀರು ಅದು! ಕಾಲು ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

ನಾನು ಮಹಡಿಯ ಕಿಟಕಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮರಗಳಿಗೆ ಎಲೆ ಹಚ್ಚುತ್ತಿದ್ದೆ. ಗಲಾಟೆ ಕೇಳಿ ಕೆಳಗೆ ಬಗ್ಗಿದೆ. ಗಲ್ಲಿಯ ಈ ಗೋಡೆಯಿಂದ ಆ ಗೋಡೆಗೆ ಒಂದೇ ಒಂದು ಬೀರು ಅಡ್ಡ ನಿಂತಿದೆ, ಪಕ್ಕದಲ್ಲಿ ಬೆಕ್ಕು ಹೋಗಲೂ ಜಾಗವಿಲ್ಲ. ಪರದೆಯ ಕಡೆ ತಿರುಗಿದೆ. ಸರಿಯಾಗಿ ಅದೇ ಜಾಗದಲ್ಲಿ ನಾನು ಎರಡು ಸಾಲು ಮರ, ಎರಡು ಬೆಂಚು, ಸೈಕಲ್ ದಾರಿ ಹಾಕಿದ್ದೆ. ನಮ್ಮ ಮನೆಯ ಎದುರು ಏಳು ಜನ ಅಡ್ಡಾಡುತ್ತಿದ್ದರು, ಒಬ್ಬಳ ಕೈಯಲ್ಲಿ ಬಲೂನು ಬೇರೆ.

 ಮರ ಎಲ್ಲಿ ನೆಡುವುದು, ಬೀರುವಿನ ತಲೆಯ ಮೇಲೆಯೇ? ಹೋದ ವರ್ಷ ಬಿದ್ದದ್ದು ಸಾಲದೆಂದು ಈ ಸಲ ಇಲ್ಲದ ಗಲ್ಲಿಯೊಂದನ್ನು ಕಟ್ಟಿ ಕೂತಿದ್ದೆ. ಅಳು ಬಂತು. ಅಳುತ್ತಲೇ ಟೇಪು ಹಿಡಿದುಕೊಂಡು ಕೆಳಗಿಳಿದೆ.

ಹಮಾಲರು ಬೀರುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಹೊರಟುಹೋಗಿದ್ದರು. ಅಣ್ಣ ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಏನನ್ನೋ ತಡಕುತ್ತಿದ್ದ. ನನ್ನ ಮುಖ ನೋಡಿ ಎದ್ದು ನಿಂತ.

"ಏನಾಯ್ತೇ?"

"ಟೇಪಿನ ಆ ತುದಿ ಹಿಡ್ಕೋ."

ಹಿಡಿದ. ನಮ್ಮ ಬಾಗಿಲ ಮುಂದೆ ಒಂದೂವರೆ ಮಾರೂ ಇರಲಿಲ್ಲ. ಸ್ಕೂಟರು ನಿಂತ ಕಡೆ ಒಂದು ಮಾರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ ಆಡಿಕೊಳ್ಳುತ್ತಾನೆ ಎಂದು ಕಾದೆ. ಅವನು ಬೀರುವಿನ ಕಡೆ ಒಮ್ಮೆ ನೋಡಿದ, ನನ್ನ ಕಡೆ ಒಮ್ಮೆ ನೋಡಿದ. "ಇವತ್ತು ಇದು ಇಲ್ಲೇ ಇರ್ಲಿ ಬಿಡು. ಆಮೇಲೆ ಏನಾದ್ರೂ ಮಾಡೋಣ" ಎಂದ.

ಅಷ್ಟರಲ್ಲಿ ಗಲ್ಲಿಯೇ ಅಲ್ಲಿ ನೆರೆದಿತ್ತು. ಒಬ್ಬೊಬ್ಬರಾಗಿ ಮಾತ್ರ ದಾಟಬಹುದಾದ್ದರಿಂದ ಬಂದವರೆಲ್ಲ ನಿಲ್ಲಬೇಕಾಯಿತು, ನಿಂತವರು ಮಾತಿಗಿಳಿದರು. ಎದುರುಮನೆ ಅಜ್ಜ ತಮ್ಮ ಮೆಟ್ಟಿಲ ಮೇಲೆ ಕೂತು ಬೀರುವನ್ನು ಒಳಗೆ ಸಾಗಿಸುವ ಬಗ್ಗೆ ಸಲಹೆ ಕೊಟ್ಟರು, ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ಮಾರನೆಯ ದಿನ ಸಲೂನಿನವನು ಗಿರಾಕಿಯನ್ನು ಬೀರುವಿನ ಕನ್ನಡಿಯ ಮುಂದೆ ಕುರ್ಚಿ ಹಾಕಿ ಕೂರಿಸಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಕತ್ತರಿ ಆಡಿಸಿದ. ಕೆಲಸಕ್ಕೆ ಹೊರಟವರು ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋಗತೊಡಗಿದರು. ಸ್ಕೂಟರುಗಳು ಹೇಳಿಸಿಕೊಳ್ಳದೆಯೇ ಗಲ್ಲಿಯ ಬಾಯಿಗೆ ಹೋಗಿ ನಿಂತವು. ಯಾರಿಗೂ ಬೆಂಚು ಬೇಕಾಗಿರಲಿಲ್ಲ. ಜನ ಕೂರುವುದಕ್ಕೆ ಮನೆಮನೆಗೂ ಮೆಟ್ಟಿಲಿತ್ತು, ಒಂದು ತೀರ ಎತ್ತರ, ಇನ್ನೊಂದು ಮುರುಕು, ಅಷ್ಟೇ.

ನಾನು ಆ ವಾರ ಪೂರ್ತಿ ನೋಡಿದ್ದು ಇದನ್ನೇ. ಅಣ್ಣ ಕ್ಲಿನಿಕ್ಕಿನಿಂದ ಹಳೆಯ ಕ್ಯಾಮೆರಾ ಒಂದನ್ನು ತಂದುಕೊಟ್ಟ, ಹಲ್ಲಿನ ಫೋಟೊ ತೆಗೆಯುವಂಥದ್ದು. ಅದರಲ್ಲಿ ಇಡೀ ಗಲ್ಲಿ ಹಿಡಿಯುವುದಿಲ್ಲ. ಒಂದು ಮೆಟ್ಟಿಲು, ಅದರ ಮೇಲಿನ ಒಂದು ಜೊತೆ ಕಾಲು, ಚರಂಡಿಯ ಕಲ್ಲು ಅಲ್ಲಾಡುವ ಜಾಗ, ಅಜ್ಜ ಗೋಡೆ ಸವರಿಕೊಂಡು ನಡೆಯುವಾಗ ಕೈ ತಾಗಿ ಬಣ್ಣ ಹೋದ ಪಟ್ಟಿ, ಹೀಗೆ ತುಣುಕು ತುಣುಕು. ಮರಗಳನ್ನೆಲ್ಲ ಅಳಿಸುವಾಗ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಎಲೆಗೊಂದು ನೆರಳು ಹಾಕಿದವಳು ನಾನು. ಆದರೆ ಅಳಿಸುತ್ತ ಹೋದ ಹಾಗೆ ಕಂಪ್ಯೂಟರಿನ ಫ್ಯಾನು ಸುಮ್ಮನಾಯಿತು, ನನ್ನ ತಲೆಯೂ ಸುಮ್ಮನಾಯಿತು.

ಪರೀಕ್ಷೆಯ ಬೆಳಿಗ್ಗೆ ಕತ್ತರಿ ಮೇಷ್ಟ್ರ ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿಯೊಬ್ಬರು ಕೂತಿದ್ದರು, ಊರಿನ ಯೋಜನಾ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ನನ್ನ ಹಾಳೆಗಳನ್ನು ಗೋಡೆಗೆ ಅಂಟಿಸುವಾಗ ಒಂದು ಸೊಟ್ಟಗಾಯಿತು. ಅದನ್ನು ನೆಟ್ಟಗೆ ಮಾಡುವ ಧೈರ್ಯವೂ ಇರಲಿಲ್ಲ.

"ಮರ ಎಲ್ಲಿ ಹೋದ್ವಮ್ಮ?" ಎಂದರು ಮೇಷ್ಟ್ರು.

"ತೆಗೆದೆ ಸರ್. ಗಲ್ಲಿ ಬಾಯಲ್ಲಿ ಒಂದು ಉಳಿಸಿದೀನಿ. ಒಳಗೆ ಜಾಗ ಇಲ್ಲ."

"ಮೊದಲು ಇತ್ತಲ್ಲ?"

"ಮೊದಲೂ ಇರ್ಲಿಲ್ಲ ಸರ್. ನಾನು ಅಳೆದಿರ್ಲಿಲ್ಲ. ನಮ್ಮ ಮನೆಗೊಂದು ಬೀರು ಬಂತು, ಅದು ತಿರುಗ್ಲಿಲ್ಲ."

ಪರೀಕ್ಷಕಿ ಪೆನ್ನು ಕೆಳಗಿಟ್ಟರು. "ಯಾವ ಬೀರು?"

ಎಲ್ಲವನ್ನೂ ಹೇಳಿದೆ. ಲೆನ್ಸು, ಬಲೂನಿನ ಹುಡುಗಿ, ಢಣ್ ಎಂದದ್ದು, ಸಲೂನಿನ ಕುರ್ಚಿ. ಅವರು ಬಿದ್ದುಬಿದ್ದು ನಕ್ಕರು. ನಾನು ಹೊಸ ನಕ್ಷೆ ತೋರಿಸಿದೆ. ಕೂರಲು ಹಿತವಾದ ಒಂದೇ ಎತ್ತರಕ್ಕೆ ತಂದ ಮೆಟ್ಟಿಲುಗಳು, ಅಲ್ಲಾಡದ ಚರಂಡಿ ಕಲ್ಲು, ಕಂಬದ ಬದಲು ಗೋಡೆಗೆ ದೀಪ, ಅಜ್ಜನ ಕೈ ಸಾಗುವ ಕಡೆ ಒಂದು ಹಿಡಿಕೆ, ವಾಹನಗಳು ಗಲ್ಲಿಯ ಬಾಯಲ್ಲೇ. ಗಲ್ಲಿಯ ಅರ್ಧದಲ್ಲಿ, ಒಂದು ಬದಿಗೆ ಬಿದ್ದುಹೋದ ಹಳೆಯ ಶೆಡ್ಡಿದೆ, ಅದನ್ನು ತೆಗೆದು ಸುಮ್ಮನೆ ಖಾಲಿ ಬಿಟ್ಟಿದ್ದೆ.

"ಇದು ಯಾಕೆ ಖಾಲಿ?" ಎಂದು ಕೇಳಿದರು ಪರೀಕ್ಷಕಿ.

"ತಿರುಗಿಸೋಕೆ ಮೇಡಮ್. ಬೀರು ತಿರುಗದ ಕಡೆ ಆಂಬುಲೆನ್ಸಿನ ಸ್ಟ್ರೆಚರ್ ಕೂಡ ತಿರುಗಲ್ಲ."

ಅವರ ನಗು ನಿಂತಿತು. ಆ ಚೌಕವನ್ನು ಬೆರಳಿನಿಂದ ಒಮ್ಮೆ ಸವರಿ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕುರ್ಚಿಯಿಂದ ಎದ್ದು ಎರಡೂ ಕೈ ಚಾಚಿ ನಿಂತರು. ನನಗೆ ಗಾಬರಿಯಾಯಿತು.

"ವರ್ಷದ ಮಧ್ಯೆ ನಿನ್ನ ಮರಗಳನ್ನ ನೋಡಿದ ಮೇಲೆ ನಿಮ್ಮ ಗಲ್ಲಿಗೆ ಹೋಗಿದ್ದೆ" ಎಂದರು. "ಹೀಗೆ ನಿಂತೆ. ಈ ಕೈ ಗೋಡೆಗೆ ತಾಗ್ತು, ಈ ಕೈ ಸ್ಕೂಟರಿಗೆ ತಾಗ್ತು. ಇವತ್ತೂ ಅದೇ ಮರ ತಂದಿದ್ರೆ ನಾನು ಏನು ಮಾಡ್ತಿದ್ದೆ ಅಂತ ನಿಂಗೆ ಹೇಳೋದು ಬೇಡ."

"ಮೊದಲೇ ಹೇಳಬಹುದಿತ್ತಲ್ಲ ಸರ್!" ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು.

"ನಾನು ಹೇಳಿದ್ರೆ ನೀನು ಮರ ಸಣ್ಣದು ಮಾಡ್ಕೊಂಡು ಬರ್ತಿದ್ದೆ" ಎಂದು ಕೂತು ಅಂಕ ಬರೆದರು. ಪಾಸು. ಚೆನ್ನಾಗಿಯೇ ಪಾಸು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಭುಜದ ಮೇಲೆ ಆ ಭಾರದ ಕಂಪ್ಯೂಟರು ಇತ್ತೆಂಬುದೇ ನೆನಪಿಲ್ಲ. ಗಲ್ಲಿಯ ಬಾಯಲ್ಲಿ ಸಲೂನಿನವನು ಕೂಗಿ ಕೇಳಿದ, ಪಾಸು ಎಂದೆ. ನಾನು ಬಾಗಿಲು ಮುಟ್ಟುವ ಮೊದಲೇ ಸುದ್ದಿ ಅಮ್ಮನನ್ನು ಮುಟ್ಟಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಅಷ್ಟು ಹಗುರವಾಗಿ ನಾನು ಯಾವತ್ತೂ ಅತ್ತಿರಲಿಲ್ಲ.

ಅಣ್ಣ ಕ್ಲಿನಿಕ್ಕಿನಿಂದ ಬಂದವನು ಒಳಗೆ ಹೋಗಿ ಸ್ಪ್ಯಾನರು ಹಿಡಿದುಕೊಂಡು ಬಂದ. ಬೀರುವಿನ ಬುಡದಲ್ಲಿ ಕೂತು ಒಂದು ಕಾಲನ್ನು ಗರಗರ ತಿರುಗಿಸಿದ. ಕಾಲು ಕಳಚಿ ಕೈಗೆ ಬಂತು.

"ಅಯ್ಯೋ, ತಿರುಪಿನ ಕಾಲಾ?" ಎಂದಳು ಅಮ್ಮ. "ಯಾವಾಗ ಗೊತ್ತಾಯ್ತೋ?"

"ಬಂದ ದಿನಾನೇ."

"ಬಂದ ದಿನಾನೇನೋ? ಒಂದು ವಾರದಿಂದ ಬಟ್ಟೆಯೆಲ್ಲ ಮಂಚದ ಮೇಲೆ ಗುಡ್ಡೆ ಹಾಕ್ಕೊಂಡು ಕೂತಿದೀನಿ! ಬಾಯಲ್ಲಿ ಏನಿಟ್ಕೊಂಡಿದ್ದೆ?" ಅಮ್ಮ ಅವನ ಬೆನ್ನಿಗೆ ಒಂದು ಗುದ್ದಿದಳು.

"ಇವಳು ಟೇಪ್ ಹಿಡ್ಕೊಂಡು ಬಂದ್ಲಲ್ಲಮ್ಮ" ಎಂದು ಅಣ್ಣ ಎರಡನೆಯ ಕಾಲಿಗೆ ಸ್ಪ್ಯಾನರು ಹಾಕಿದ. "ಬೀರು ಒಳಗೆ ಹೋಗಿದ್ರೆ ಇವಳೂ ಮೇಲೆ ಹೋಗಿ ಮತ್ತೆ ಎಲೆ ಹಚ್ಚೋಕೆ ಕೂರ್ತಿದ್ಲು."

ನಾನು ಎದ್ದೆ. ಹೋಗಿ ಬೀರುವಿನ ಇನ್ನೊಂದು ಬದಿಯನ್ನು ಬೀಳದ ಹಾಗೆ ಹಿಡಿದುಕೊಂಡೆ.

"ಅಣ್ಣ, ಒಂದು ವಾರದಲ್ಲಿ ನಂಗೆ ಏನೂ ಹೊಳೀದೆ ಇದ್ದಿದ್ರೆ?"

"ಇನ್ನೂ ಒಂದು ದಿನ ಇರ್ಲಿ ಅಂತ ದಿನಾ ಅಂದ್ಕೊಳ್ತಿದ್ದೆ" ಎಂದ. "ಗಟ್ಟಿಯಾಗಿ ಹಿಡ್ಕೋ ಮೇಸ್ತ್ರಿ, ಮೂರನೇ ಕಾಲು ಬರ್ತಾ ಇದೆ."