ಜಾರುವ ನೆಲದ ಮೇಲೆ ಹಿಟ್ಟು ತೊಳಸುವುದಿಲ್ಲ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ: ಉಮಾಶಂಕರ. ಈ ಉಮಾಶಂಕರ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಿ ನನ್ನ ಅಡುಗೆಮನೆಗೆ ಟೈಲ್ಸ್ ಆರಿಸಿಕೊಂಡು ಬಂದರು. ನನ್ನ ಅಡುಗೆಮನೆಗೆ! ಹದಿನೆಂಟು ವರ್ಷದಲ್ಲಿ ಒಂದು ದಿನ ಒಲೆ ಮುಂದೆ ಕೂತವರಲ್ಲ. ಉಪ್ಪು ಎಲ್ಲಿದೆ ಅಂತ ಕೇಳಿದರೆ ದೇವರಮನೆ ತೋರಿಸುವ ಆಸಾಮಿಗೆ ಈ ಉಸಾಬರಿ ಯಾಕೆ ಬೇಕಿತ್ತು?

ಎರಡು ಸಾವಿರದ ಆರನೇ ಇಸವಿ, ಯುಗಾದಿಗೆ ಮೂರು ವಾರ ಇತ್ತು. ಗಾರೆ ಕೆಲಸದ ಮುರುಗನ್ ಬಿರುಕುಬಿಟ್ಟ ಹಳೇ ಕಾವಿ ನೆಲವನ್ನು ಅಗೆದು, ಮರಳು ಹರಡಿ ಮಟ್ಟ ಮಾಡಿದ್ದ. ಉಳಿಪೆಟ್ಟು ಬಿದ್ದ ಒರಟು ಚಪ್ಪಡಿ ಕಲ್ಲು ಹಾಕಿಸಿ ಅಂತ ನಾನು ಸಾರಿ ಸಾರಿ ಹೇಳಿದ್ದೆ. ಹೂಂ ಹೂಂ ಅಂದವರು ತಂದಿಳಿಸಿದ್ದು ಹನ್ನೊಂದು ಪೆಟ್ಟಿಗೆ ಬಿಳೀ ಟೈಲ್ಸು.

"ಮುಗಂ ಪಾಕ್ಕಲಾಂ ಅಂದ ಕಣಮ್ಮಿ ತಮಿಳು ಅಂಗಡಿಯವ. ಮಕ ನೋಡ್ಕಬೋದಂತೆ," ಅಂತ ಒಂದು ಟೈಲ್ ಎತ್ತಿ ಹಿಡಿದರು.

"ಮಕ ನೋಡ್ಕಳಕೆ ಗೋಡೆ ಮ್ಯಾಲೆ ಕನ್ನಡಿ ಅದೆ. ಇಟ್ಟು ಎಲ್ಲಿ ತೊಳ್ಸನ?"

ನಮ್ಮ ದೊಡ್ಡಗಾಜನೂರಿನಲ್ಲಿ ಮುದ್ದೆಗೆ ಹಿಟ್ಟು ಅನ್ನುತ್ತೇವೆ. ಕುದಿಯುವ ತಪ್ಪಲೆಯನ್ನು ಒಲೆಯಿಂದ ನೆಲಕ್ಕಿಳಿಸಿ, ಅದರ ಕಂಠಕ್ಕೆ ಕವೆಕೋಲು ಕೊಟ್ಟು, ಕೋಲಿನ ತುದಿಗಳನ್ನು ಎರಡೂ ಪಾದದಲ್ಲಿ ಮೆಟ್ಟಿಕೊಂಡು ದೊಣ್ಣೆಯಲ್ಲಿ ತೊಳಸಬೇಕು, ಗಂಟಿಲ್ಲದ ಹಾಗೆ ತಿರುವಬೇಕು. ಆರು ಜನರ ಹಿಟ್ಟು ಅಂದರೆ ಸೊಂಟದ ಬಲವೆಲ್ಲ ದೊಣ್ಣೆಗೆ ಹೋಗುತ್ತದೆ. ತಪ್ಪಲೆಯನ್ನು ನೆಲ ಕಚ್ಚಿ ಹಿಡಿಯಬೇಕು. ಜಾರಿತೋ, ಸುಡುವ ಹಿಟ್ಟು ನೇರ ಕಾಲಿನ ಮೇಲೆ.

"ತಾಳವಾಡಿಲಿ ನನ್ನ ತಂಗಿ ಇದ್ನೇ ಆಕ್ಸವ್ಳೆ. ಅವ್ಳೇನು ಜಾರಿ ಬಿದ್ದವ್ಳಾ?"

"ನಿಮ್ ತಂಗಿ ಮೂರೊತ್ತೂ ಅನ್ನ ಬೇಯಿಸ್ತದೆ. ಕುಕ್ಕರು ಕೂಗ್ತದೆ, ಜಾರಕಿಲ್ಲ."

ಅತ್ತೆ ಪುಟ್ಟಮಲ್ಲಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ತಂದವ್ನಲ್ಲ, ಆಕಿಸ್ಕ ಬುಡಮ್ಮಿ," ಅಂದರು, ತಲೆ ಎತ್ತಲಿಲ್ಲ. ಮಗನ ಮಾತಿಗೆ ಅತ್ತೆ ಎದುರಾಡಿದ್ದನ್ನು ನಾನು ಕಂಡೇ ಇಲ್ಲ.

ಹಿತ್ತಲಲ್ಲಿ ಒಲೆ ಹೂಡಿದ್ದೆ. ಅದರ ಪಕ್ಕ ನಾಲ್ಕು ಟೈಲ್ಸನ್ನು ಗಾರೆ ಹಾಕಿ ಅಲುಗಾಡದ ಹಾಗೆ ಕೂರಿಸು ಅಂತ ಮುರುಗನ್‌ಗೆ ಹೇಳಿದೆ. ಮಾರನೇ ದಿನ ಮಧ್ಯಾಹ್ನ ಹಿಟ್ಟು ಬೆಂದ ಮೇಲೆ ತಪ್ಪಲೆ ತಂದು ಅದರ ಮೇಲಿಟ್ಟೆ.

"ಬನ್ನಿ, ಇವತ್ತು ನೀವೇ ತೊಳ್ಸಿ."

ಪಂಚೆ ಎತ್ತಿ ಕಟ್ಟಿ ಮದುವಣಿಗನ ಹಾಗೆ ಬಂದು ಕೂತರು. ಒಂದು ಸುತ್ತು ಆಯಿತು. ಎರಡನೇ ಸುತ್ತಿಗೆ ತಪ್ಪಲೆ ಗಿರ್ರನೆ ತಿರುಗಿ ಒಂದು ಕಡೆ ಹೋಯಿತು, ಕವೆಕೋಲು ಇನ್ನೊಂದು ಕಡೆ, ಯಜಮಾನರು ಅಂಗಾತ! ಪುಣ್ಯಕ್ಕೆ ತಪ್ಪಲೆ ಆಚೆ ಮಗ್ಗುಲಿಗೆ ಉರುಳಿತು.

"ಇಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತಾರೆ. ಇಲ್ಲಿ ತಪ್ಲೆನೇ ನಿಮ್ಮ ಕಿತ್ತಿಡ್ತಲ್ಲ!" ಅಂದೆ. ಮುರುಗನ್ ಗೋಡೆ ಕಡೆ ತಿರುಗಿಕೊಂಡು ನಕ್ಕ. "ಅಂಗೈ ಉಣ್ಣಿಗೆ ಇನ್ನೂ ಕನ್ನಡಿ ಬೇಕಾ?" ಅಂತ ನಾನೇ ಕೇಳಿದೆ.

ಯಜಮಾನರ ಮುಖ ಕೆಂಪಾಯಿತು. "ನಂಗೆ ಅಭ್ಯಾಸ ಇಲ್ಲ, ಜಾರ್ತು. ನಿಂಗೆ ಆಯ್ತದೆ. ಮುರುಗಾ, ಗಾರೆ ಕಲ್ಸು ನೀನು!"

ಆಹಾ, ಸುಟ್ಟುಕೊಂಡು ಅಭ್ಯಾಸ ಮಾಡಿಕೋ ಅಂತ! ಸೀದಾ ಒಳಗೆ ಹೋಗಿ ಅಡುಗೆಮನೆಯ ನಟ್ಟನಡುವೆ ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ನನ್ನ ಮ್ಯಾಲೇ ಆಕಪ್ಪ ಟೈಲ್ಸ."

"ಅಕ್ಕಾ, ಗಾರೆ ಗಟ್ಟಿ ಆಯ್ತದೆ," ಅಂತ ಮುರುಗನ್ ಬಾಂಡ್ಲಿ ಹಿಡಿದು ನಿಂತ.

"ಆಗ್ಲಿ ಬುಡು."

"ಅವ್ವಾ, ನೀನಾರ ಯೋಳು ಇವ್ಳಿಗೆ!" ಅಂತ ಯಜಮಾನರು ಕೂಗಿದರು.

ಅತ್ತೆ ಹುಣಸೆಹಣ್ಣಿನ ಮೊರ ಪಕ್ಕಕ್ಕಿಟ್ಟು ಎದ್ದರು. ಬೈಯಲಿಕ್ಕೇ ಬಂದರು ಅಂದುಕೊಂಡು ನಾನೂ ಬಾಯಿ ಸಿದ್ಧ ಮಾಡಿಕೊಂಡೆ. ಅತ್ತೆ ಬೈಯಲಿಲ್ಲ. ನಿಧಾನಕ್ಕೆ ನನ್ನ ಪಕ್ಕ ಮರಳಿನ ಮೇಲೆ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದರು. ಬಲಗಾಲಿನ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಮುದುರಿಕೊಂಡಿತ್ತು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೂ ನಾನು ಆ ಕಾಲನ್ನು ನೋಡಿರಲಿಲ್ಲ.

"ಈಗ ಅಗ್ದಾಕುದ್ರಲ್ಲ ಆ ಕಾವಿ ನೆಲ, ಅದು ಒಸ್ದಾಗಿದ್ದಾಗ ಇಂಗೇ ಜಾರ್ತಿತ್ತು ಕಣ್ಲಾ. ನಿಮ್ಮಪ್ಪ ನುಣ್ಣಗೆ ಉಜ್ಜಿಸಿದ್ರು. ಬ್ಯಾಡ ಅನ್ನಕೆ ನಂಗೆ ಧೈರ್ಯ ಬರ್ನಿಲ್ಲ. ನೀನು ಒಟ್ಟೇಲಿದ್ದೆ, ತಪ್ಲೆ ಜಾರ್ತು."

ಯಜಮಾನರ ದನಿ ಇಳಿಯಿತು. "ಯೋಳ್ನೇ ಇಲ್ವಲ್ಲವ್ವ ನೀನು."

"ನೀನು ಕೇಳಿದ್ಯಾ? ಇವ್ಳು ಕೇಳ್ದಿದ್ರೂ ಯೋಳವ್ಳೆ. ಅವತ್ತು ನಾನು ಇಂಗೆ ಕುಂತಿದ್ರೆ, ಇವತ್ತು ಇವ್ಳು ಕೂರ್ಬೇಕಾಗಿರ್ನಿಲ್ಲ."

ಇಷ್ಟು ವರ್ಷ ಇವರನ್ನು ಮಗನ ಬಾಲ ಅಂತ ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ. ಯಜಮಾನರು ಬಗ್ಗಿ ಒಂದು ಪೆಟ್ಟಿಗೆ ಹೆಗಲಿಗೇರಿಸಿ ಜಗಲಿಗೆ ಹೊತ್ತುಕೊಂಡು ಹೋದರು. ಮುರುಗನ್ ಇನ್ನೊಂದನ್ನು ಎತ್ತಿಕೊಂಡ.

"ಎದ್ದೇಳಿ ಇನ್ನ, ಚಪ್ಪಡಿಗೆ ಯೋಳ್ತೀನಿ," ಅಂದರು ಯಜಮಾನರು, ಎರಡನೇ ಪೆಟ್ಟಿಗೆಗೆ ಬಂದಾಗ.

"ಚಪ್ಪಡಿ ಬರಗಂಟ ನಾನು ಏಳಕಿಲ್ಲ," ಅಂದೆ.

"ನಾನೂ ಏಳಕಿಲ್ಲ," ಅಂದರು ಅತ್ತೆ.