ಕೊಲ್ಲಿಗೊಂದು ಹೆಸರು

ಕರಿಬಸಪ್ಪನಿಗೆ ಮಕ್ಕಳಿರಲಿಲ್ಲ, ಹೆಸರಿನ ಆಸೆ ಮಾತ್ರ ಬೆಟ್ಟದಷ್ಟಿತ್ತು. ತಾನು ಹೋದ ಮೇಲೂ ನಾಲ್ಕು ಜನರ ಬಾಯಲ್ಲಿ ತನ್ನ ಹೆಸರು ಉಳಿಯಬೇಕು. ಅದಕ್ಕೆ ಅವನು ಕಣ್ಣಿಟ್ಟದ್ದು ಮನೆಯ ಹಿಂದಿನ ಕೊಲ್ಲಿಯ ಮೇಲೆ.

ಶನಿವಾರಸಂತೆ ಕಡೆಯವರ ಕೊಲ್ಲಿ ಎಂದರೆ ಕಣಿವೆಯಲ್ಲ. ಕಣಿವೆ ಊರೂರೇ ಹಿಡಿಸುವಷ್ಟು ದೊಡ್ಡದು. ಬರೀ ಹಳ್ಳವೂ ಅಲ್ಲ. ಎರಡು ಗುಡ್ಡಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಸಂದು, ಸಂದಿನ ತುಂಬ ಮರ, ಮರದಡಿ ಏಲಕ್ಕಿ, ಅದರಡಿ ಗುಳುಗುಳು ಎನ್ನುವ ಇಷ್ಟೇ ಇಷ್ಟು ನೀರು. ಅದು ಕೊಲ್ಲಿ.

ಅಲ್ಲಿನ ಒಂದೊಂದು ಕೊಲ್ಲಿಗೂ ಹೆಸರಿತ್ತು, ಆದರೆ ಯಾರೂ ಕೂತು ಇಟ್ಟದ್ದಲ್ಲ. ಏನು ನಡೆಯಿತೋ ಅದೇ ಹೆಸರು. ಎಮ್ಮೆ ಈದ ಕೊಲ್ಲಿ, ಚಿಕ್ಕಿ ಅತ್ತ ಕೊಲ್ಲಿ. ಕಾಫಿ ತೋಟ ಹಾಕಲು ಬಂದ ಬಿಳಿ ದೊರೆಯ ಕುದುರೆ ಮುಗ್ಗರಿಸಿದ್ದಕ್ಕೆ ಕುದುರೆ ಬಿದ್ದ ಕೊಲ್ಲಿ. ಕರಿಬಸಪ್ಪನ ಹೊಟ್ಟೆ ಉರಿಯುತ್ತಿದ್ದದ್ದೇ ಇಲ್ಲಿ. ಅಲ್ಲ, ಪರದೇಶದ ಕುದುರೆಗೆ ಸಿಕ್ಕ ಭಾಗ್ಯ ತನಗಿಲ್ಲವೇ?

ಅವನ ಕೊಲ್ಲಿಯನ್ನು ಜನ ಜಿಗಣೆ ಕೊಲ್ಲಿ ಎನ್ನುತ್ತಿದ್ದರು. ಒಂದು ದಿನ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿ, "ಇವತ್ತಿಂದ ಅದು ಕರಿಬಸಪ್ಪನ ಕೊಲ್ಲಿ" ಎಂದು ಸಾರಿದ. ಪಕ್ಕದ ಮನೆಯ ಸಿದ್ದಣ್ಣ ಕೈ ತೊಳೆದು, "ಊಟ ಬಲು ಚೆನ್ನಾಗಿತ್ತು ಕಣಣ್ಣ. ಬರ್ತೀನಿ, ಜಿಗಣೆ ಕೊಲ್ಲಿ ಕಡೆ ದನ ಬಿಟ್ಟಿದೀನಿ" ಎಂದು ಹೊರಟ.

ಬಾಗಿಲ ಮರೆಯಲ್ಲಿ ಹೆಂಡತಿ ಕಾಂತಮ್ಮ ಸೆರಗು ಬಾಯಿಗೊತ್ತಿ ನಕ್ಕಳು.

"ನಗ್ತೀಯೇನೇ? ನೀನಾದ್ರೂ ಹೇಳು ನೋಡಾಣ, ಕರಿಬಸಪ್ಪನ ಕೊಲ್ಲಿ ಅಂತ."

"ಶಿವ ಶಿವಾ! ಕಟ್ಟಿಕೊಂಡೋರ ಹೆಸರು ಹೇಳಿದ್ರೆ ಅವ್ರ ಆಯಸ್ಸು ಕಮ್ಮಿಯಾಗುತ್ತೆ. ನಂಗೆ ಜಿಗಣೆ ಕೊಲ್ಲೀನೇ ಇರ್ಲಿ."

ಲಂಗ ಉಡುವ ವಯಸ್ಸಿನಲ್ಲಿ ಆ ಮನೆಗೆ ಬಂದವಳು. ಅಂದಿನಿಂದ ಗಂಡ ಅವಳಿಗೆ ಬರೀ 'ಏನೂಂದ್ರೆ'.

ಏಲಕ್ಕಿ ಬಿಡಿಸುವ ಕಾಲ ಬಂತು. ಕರಿಬಸಪ್ಪ ಒಬ್ಬನೇ ಕೊಲ್ಲಿಗಿಳಿದ. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲು ಜಾರಿ ಬಿದ್ದದ್ದೇ ತಡ, ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಎಳೆದರೆ ಪ್ರಾಣ ಹೋಗುವಂಥ ನೋವು. ಅಷ್ಟರಲ್ಲಿ ಮಂಜು ಇಳಿದು ಏನೂ ಕಾಣದಾಯಿತು. ಇಲ್ಲೇ ಸತ್ತರೆ ಹೆಸರೂ ಇಲ್ಲ, ಕೇಳುವವರೂ ಇಲ್ಲ ಎಂದು ಅವನ ಕಣ್ಣು ತುಂಬಿತು.

ಆಗ ಮೇಲಿನಿಂದ, "ಏನೂಂದ್ರೇ..." ಎಂದು ಕಾಂತಮ್ಮನ ದನಿ ಬಂತು.

ಕರಿಬಸಪ್ಪ ಓಗೊಡಲು ಬಾಯಿ ತೆರೆಯುವ ಮೊದಲೇ ಎದುರು ಗುಡ್ಡದಿಂದ ಯಾವನೋ, "ಓ... ನನ್ನನ್ನೇನೇ?" ಎಂದ. ಇನ್ನೊಂದು ಕಡೆಯಿಂದ ಸಿದ್ದಣ್ಣನೂ, "ಬಂದೆ ಕಣೇ!" ಎಂದ. ಸುತ್ತಲಿನ ಕೊಲ್ಲಿಗಳಲ್ಲಿ ಏಲಕ್ಕಿಗೆ ಇಳಿದ ಗಂಡಸರೆಲ್ಲ ಒಬ್ಬೊಬ್ಬಳ 'ಏನೂಂದ್ರೆ'ಗಳೇ ತಾನೆ!

ಆಮೇಲೆ ಅವಳ ದನಿಯೇ ಮತ್ತೆ ಬಂತು:

"ಕರಿಬಸಪ್ಪಾ...!"

ಆ ಹೆಸರನ್ನು ಈ ಗುಡ್ಡ ಆ ಗುಡ್ಡಕ್ಕೆ ಹೇಳಿತು, ಆ ಗುಡ್ಡ ಈ ಗುಡ್ಡಕ್ಕೆ ಹೇಳಿತು. ಕರಿಬಸಪ್ಪನ ತೆರೆದ ಬಾಯಿ ತೆರೆದೇ ಇತ್ತು. ಅವಳ ಬಾಯಲ್ಲಿ ತನ್ನ ಹೆಸರು ಇಷ್ಟು ಚೆಂದವೇ? ಓಗೊಡಬೇಕಿತ್ತು, ಕೊಡಲಿಲ್ಲ, ಕಳ್ಳ! ಇನ್ನೊಮ್ಮೆ ಕೂಗಲಿ ಎಂದು ಉಸಿರು ಬಿಗಿಹಿಡಿದ. ಅವಳು ಕೂಗಿದಳು. ಮತ್ತೂ ಕೂಗಿದಳು. ಆದರೆ ಈ ಸಲ ದನಿ ಒಡೆದು ಅಳುವಾಯಿತು.

"ಇಲ್ಲಿದೀನಿ ಕಣೇ! ಬದುಕಿದೀನಿ, ಅಳಬೇಡ!"

ಸಿದ್ದಣ್ಣ ಬಂದು ಕಲ್ಲು ಸರಿಸಿ, ಅವನನ್ನು ಬೆನ್ನ ಮೇಲೆ ಹೊತ್ತು ಮೇಲಕ್ಕೆ ತಂದ. ಕಾಂತಮ್ಮ ಕಾಲಿಗೆ ಬಿಸಿ ಎಣ್ಣೆ ಉಜ್ಜುತ್ತಾ, "ನಿಮ್ಮ ಆಯಸ್ಸು ನಾನೇ ಕಡಿದೆ" ಎಂದು ಮೂಗೆಳೆದಳು.

"ಹೋಗೇ ಹುಚ್ಚಿ. ಕಡಿದಿದ್ರೆ ಇಲ್ಲಿ ಕೂತಿರ್ತಿದ್ನಾ?"

ಕೊಲ್ಲಿಗೆ ಹೆಸರು ಬಿತ್ತು. ಏನು ಹೆಸರು? ಕಾಂತಮ್ಮ ಕೂಗಿದ ಕೊಲ್ಲಿ!

"ಬಿದ್ದೋನು ನಾನು, ಹೆಸರು ಇವಳಿಗೆ!" ಎಂದು ಕರಿಬಸಪ್ಪ ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತ. ಸಂತೆಯಿಂದ ಬಂದ ಬಳೆಗಾರನೊಬ್ಬ ಅಲ್ಲಿ ಹೆಗಲ ಮೇಲಿನ ಬಳೆ ಮಲಾರ ಇಳಿಸಿ, "ಕಾಂತಮ್ಮ ಕೂಗಿದ ಕೊಲ್ಲಿ ದಾಟಿ ಬಂದೆ. ಅಲ್ಲಾ, ಏನಂತ ಕೂಗಿದ್ರಂತೆ?" ಎಂದ.

"ಕರಿಬಸಪ್ಪಾ ಅಂತ," ಎಂದ ಪಕ್ಕದಲ್ಲೇ ಕೂತಿದ್ದ ಸಿದ್ದಣ್ಣ.

ಕರಿಬಸಪ್ಪ ತಟ್ಟನೆ ತಲೆಯೆತ್ತಿದ. ಹೌದಲ್ಲ! ಕೊಲ್ಲಿಯ ಹೆಸರು ಕೇಳಿದವರು ಏನಂತ ಕೂಗಿದಳೆಂದು ಕೇಳದೆ ಬಿಡುವುದಿಲ್ಲ. ಉತ್ತರ ಹೇಳುವವರು ತನ್ನ ಹೆಸರೆತ್ತದೆ ಗತಿಯಿಲ್ಲ. ಕೊಲ್ಲಿ ಇರುವ ತನಕ ತಾನೂ ಇದ್ದೇನೆ, ಅದೂ ಅವಳ ದನಿಯಲ್ಲಿ. ಅವನು ಕುಂಟುತ್ತ ಒಳಗೆ ಹೋದ.

"ಏ ಇವಳೇ, ಇನ್ನೊಂದೇ ಒಂದು ಸಲ ಕೂಗೇ."

ಕಾಂತಮ್ಮ ಒಲೆಯ ಮುಂದೆ ಕೆಂಪಾದಳು.

"ಮತ್ತೆ ಬಿದ್ರೆ ನೋಡಾಣ," ಎಂದಳು.